ಭೋಂಗಾ ಮಚ್ಚೇಂದ್ರ ಮತ್ತು ಕಿವಿಯಿಲ್ಲದ ಓಣಿ

ಮಚ್ಚೇಂದ್ರನಿಗೆ ಮೊದಲ ಸಲ ಹೆದರಿಕೆಯಾದದ್ದು ಹುಮನಾಬಾದಿನ ಓಣಿಯೊಂದರಲ್ಲಿ, ಒಂದು ಭಾನುವಾರ ಸಂಜೆ, ಇನ್ನೂ ಬಿಸಿಲಿರುವಾಗ. ಟಾಂಗಾದಲ್ಲಿ ನಿಂತು, ಕೈಯಲ್ಲಿ ದನಿ ದೊಡ್ಡದು ಮಾಡುವ ಭೋಂಗಾ ಹಿಡಿದು, ಬಟ್ಟೆಯಂಗಡಿಯೊಂದಕ್ಕೆ ಹೊಸ ಸೀರೆ ಬಂದ ಸುದ್ದಿ ಸಾರುತ್ತ ಹೊರಟಿದ್ದ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಕಟ್ಟೆಯ ಮೇಲೆ ಬೀಡಿ ಸೇದುವ ಮುದುಕರಿಲ್ಲ, ನಳದ ಮುಂದೆ ಜಗಳಾಡುವ ಹೆಂಗಸರಿಲ್ಲ. ಊರೇ ಗುಳೆ ಹೋಯಿತೇ ಎಂದುಕೊಳ್ಳುವಷ್ಟರಲ್ಲಿ ಬಲಗಡೆಯ ಕಿಟಕಿಯಿಂದ ಒಬ್ಬ ಗಂಡಸು ಗಹಗಹಿಸಿ ನಕ್ಕ. ಎಡಗಡೆಯ ಕಿಟಕಿಯಿಂದಲೂ ಅವನೇ ನಕ್ಕ. ಮುಂದಿನ ಮನೆಯಲ್ಲೂ ಅವನೇ. ನಗು ನಿಂತಿತು, ಅಷ್ಟೂ ಮನೆಗಳಲ್ಲಿ ಒಬ್ಬಳೇ ಹೆಂಗಸು ಒಮ್ಮೆಲೇ ಅಳತೊಡಗಿದಳು. ಮಚ್ಚೇಂದ್ರ ಅರ್ಧ ಮಾತಿಗೇ ಭೋಂಗಾ ಇಳಿಸಿದ. ಟಾಂಗಾದ ಕುದುರೆ ಮಾತ್ರ ಕಿವಿ ನಿಮಿರಿಸಿ ನಿಂತಿತ್ತು. ಆ ಸಂಜೆ ಅವನ ಮಾತಿಗೆ ಕಿವಿಗೊಟ್ಟ ಗಿರಾಕಿ ಅದೊಂದೇ, ಅದೂ ಸೀರೆ ಉಡುವ ಪೈಕಿಯಲ್ಲ.

ಟೀವಿ ಬಂದು ಊರಿಗೆ ಠೀವಿ ಬಂದಿತ್ತು. ಮಾಳಿಗೆಗಳ ಮೇಲೆ ಆಂಟೆನಾ ಎದ್ದವು. ಆಂಟೆನಾ ಇದ್ದ ಮನೆಯ ಗತ್ತು ಪಕ್ಕದ ಮನೆಗೂ ಅಂಟಿತು. ಭೋಂಗಾಕ್ಕೆ ಮಾತ್ರ ಭಂಗ ಬಂತು.

ಮಚ್ಚೇಂದ್ರ ಹುಟ್ಟಿದ್ದು ಬಸವಕಲ್ಯಾಣದಲ್ಲಿ. ಹಿರಿಯರ ಬಾಯಲ್ಲಿ ಆಗ ಅದಿನ್ನೂ ಕಲ್ಯಾಣಿ. ಅಪ್ಪ ದತ್ತಾತ್ರಿ ಹಲಗೆ ಬಡಿದು ಡಂಗುರ ಸಾರುವವ. ಹೆಣದ ಮುಂದೆ, ಮದುವೆಯ ಹಿಂದೆ, ಸರ್ಕಾರದ ಪರವಾಗಿ ಹಲಗೆ ಬಡಿಯುವುದು ಅವನಿಗೆ ಹುಟ್ಟಿನೊಂದಿಗೇ ಕಟ್ಟಿದ ಕೆಲಸ. ಐವತ್ತಾರರ ಅಕ್ಟೋಬರಿನಲ್ಲಿ ಆತ ಓಣಿಯ ಕೆಲವರ ಜೊತೆ ನಾಗಪುರಕ್ಕೆ ಹೋಗಿ, ಬೌದ್ಧನಾಗಿ ಮರಳಿ, ಹಲಗೆಯನ್ನು ಹಾಳುಬಾವಿಗೆ ಎಸೆದ. "ಇನ್ನ ಯಾರ ಬಾಗಿಲ ಮುಂದೂ ಬಡಿಯಾಂಗಿಲ್ಲ" ಎಂದ. ತಿಂಗಳು ಮುಗಿಯುವ ಮುನ್ನ ತಹಶೀಲ ಕಚೇರಿಯ ಜವಾನ ಬಾಗಿಲಿಗೆ ಬಂದ. ನಾಳೆಯಿಂದ ಹೈದರಾಬಾದ್ ರಾಜ್ಯ ಇಲ್ಲ, ನಾವೆಲ್ಲ ಮೈಸೂರಿನವರು, ಊರಿಗೆ ಸಾರಬೇಕು ಎಂದ. ದತ್ತಾತ್ರಿ ಬಾಗಿಲು ಹಾಕಿಕೊಂಡ. ಹದಿನೆಂಟರ ಮಗ ಮಾತ್ರ ಹಿತ್ತಿಲಲ್ಲಿ ಕೂತು ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸುತ್ತಿ, ಒಂದು ತುತ್ತೂರಿ ಮಾಡಿಕೊಂಡ.

"ಎಲ್ಲಿಗಿ ಹೊಂಟಿ? ನಾ ಏನ್ ಹೇಳೀನಿ ನಿನಗ?" ಅಪ್ಪ ಗದರಿದ.

"ಬಡಿಯಾಂಗಿಲ್ಲ ಅಂದಿ, ಅಪ್ಪಾ. ಬಾಯಿ ತೆರಿಯಾಂಗಿಲ್ಲ ಅಂದಿಲ್ಲಲ್ಲ."

ಅಂದು ಮಚ್ಚೇಂದ್ರ ಒಂದು ರಾಜ್ಯದ ಸಾವನ್ನೂ ಇನ್ನೊಂದರ ನಾಮಕರಣವನ್ನೂ ಒಂದೇ ಉಸಿರಿಗೆ ಸಾರಿದ. ಮಂದಿ ಕೈಕೆಲಸ ಬಿಟ್ಟು ಬಾಗಿಲಿಗೆ ಬಂದರು. "ಮೈಸೂರು ಎಲ್ಲದಪಾ? ಬಾಳ ದೂರ ಏನು?" ಎಂದು ಮುದುಕಿಯೊಬ್ಬಳು ಕೇಳಿದಳು. "ಅದೇ ಇಲ್ಲಿಗಿ ಬರಾಕತ್ತದ ಯವ್ವಾ, ನೀ ಹೋಗೂದ ಬ್ಯಾಡ" ಎಂದ. ಓಣಿ ನಕ್ಕಿತು. ಆ ನಗುವಿನ ರುಚಿ ನಾಲಿಗೆಗೆ ಹತ್ತಿದ್ದು ಆಮೇಲೆ ಬಿಡಲಿಲ್ಲ.

ಡೇರೆ ಸಿನಿಮಾದವರು ಅವನನ್ನು ಹುಮನಾಬಾದಿಗೆ ಕರೆದೊಯ್ದರು. ಅಲ್ಲಿಯೇ ಅಂಬುಬಾಯಿಯ ಜೊತೆ ಮದುವೆಯಾಯಿತು, ಕಾಳಿನ ಪೇಟೆಯಾದ ಗಂಜಿನ ಹಿಂದಿನ ಓಣಿಯಲ್ಲಿ ಮನೆಯಾಯಿತು. ತಗಡಿನ ತುತ್ತೂರಿ ಹೋಗಿ ಬ್ಯಾಟರಿಯ ಭೋಂಗಾ ಬಂತು. ಟಾಂಗಾ ಏರಿದನೆಂದರೆ ಅವನ ಮೊದಲ ಮಾತು ಒಂದೇ:

"ಕೇಳ್ರಪ್ಪೋ ಕೇಳ್ರಿ! ಕಿವಿ ಇದ್ದವರು ಕೇಳ್ರಿ, ಇಲ್ಲದವರು ಕಡಾ ತಂದು ಕೇಳ್ರಿ!"

ಇದಾದ ಮೇಲೆ ಸಿನಿಮಾ, ಸಾಬೂನು, ಹಲ್ಲುಪುಡಿ, ಕಳೆದ ಎಮ್ಮೆ, ಪುರಸಭೆಯ ನೀರು, ಪ್ಲೇಗಿನ ಇಲಿ, ಏನೇ ಬರಲಿ, ಎಲ್ಲಕ್ಕೂ ಅದೇ ಧಾಟಿ, ಅದೇ ಏರಿಳಿತ. ಕಾಲರಾದ ಚುಚ್ಚುಮದ್ದನ್ನೂ ಆತ ಬೆಲ್ಲದ ಚಹಾದಂತೆ ಮಾರಿದ. ಮಂದಿ ನಕ್ಕೊಂತ ಹೋಗಿ ಚುಚ್ಚಿಸಿಕೊಂಡು ಅಳ್ಕೊಂತ ಬಂದರು. ಎಪ್ಪತ್ತರ ದಶಕ ಮುಗಿಯುವವರೆಗೆ ಹುಮನಾಬಾದಿನಲ್ಲಿ ಮಾರಾಟವಾದ ಎಷ್ಟೋ ಸಾಮಾನು ಅವನ ಗಂಟಲಿನ ಮೂಲಕವೇ ಮನೆಗಳಿಗೆ ಇಳಿದದ್ದು.

ಅವನ ಹಳೆಯ ಗಿರಾಕಿ ಮಹಾರುದ್ರಪ್ಪ ಸಾಹುಕಾರರು. ಗಂಜಿನಲ್ಲಿ ಕಾಳು ಕೊಂಡು ಮಾರುವ ಅಡತಿ ಅಂಗಡಿ, ಊರ ಹೊರಗೆ ಹೊಲ, ಊರೊಳಗೆ ದೊಡ್ಡ ಮನೆ. ಓಣಿಗೆ ಮೊದಲ ಟೀವಿ ತಂದವರೂ ಅವರೇ. ಪಡಸಾಲೆಯ ನಡುವೆ ಅದನ್ನು ಕೂರಿಸಿ, ಸಂಜೆ ಬಾಗಿಲು ತೆರೆದಿಡುತ್ತಿದ್ದರು. ಬೇಕಾದವರು ಒಳಗೆ ಜಮಖಾನದ ಮೇಲೆ ಕೂರುವುದು, ಅಂಬುಬಾಯಿಯಂಥವರು ಅಂಗಳದ ಕಿಟಕಿಯಿಂದ ನೋಡುವುದು. ಹಾಗಂತ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆ ಕುದುರೆಯ ಭಾನುವಾರದ ಮರುದಿನ ಮಚ್ಚೇಂದ್ರ ಅಂಗಡಿಗೆ ಹೋದಾಗ ಸಾಹುಕಾರರು ಗಾದಿಯ ಮೇಲಿಂದಲೇ ಅಂದರು:

"ಮಚ್ಚ್ಯಾ, ಈ ವರ್ಷದಿಂದ ನಿನ್ನ ಭೋಂಗಾ ಬ್ಯಾಡಲೇ. ಈಗ ಎಲ್ಲಾ ಟೀವಿಯಾಗ ಬರ್ತದ. ನಿನ್ನ ಕೇಳಾವ್ರು ಯಾರು?"

"ಸಾವ್ಕಾರ್ರ, ಟೀವಿಯಾಗ ಜಾಹೀರಾತು ಬಂದ ಕೂಡ್ಲೇ ಮಂದಿ ಎದ್ದು ಹೊರಗ ಬರ್ತಾರ್ರಿ. ನಾ ನೋಡೀನಿ. ಒಬ್ಬ ಬಚ್ಚಲಿಗಿ, ಒಬ್ಬ ಬೀಡಿಗಿ, ಒಬ್ಬಾಕಿ ಒಲಿ ನೋಡಾಕ. ಅದರ ಮುಂದ ಕೂಡೂದು ಹುಡುಗ್ರಷ್ಟೇ."

"ಹಂಗಂದ್ರ?"

"ಹಂಗಂದ್ರ ಅದು ಮಂದೀಗಿ ಜಾಹೀರಾತಲ್ರಿ, ಜಾಗಾ ಖಾಲಿ ಮಾಡ್ರಿ ಅನ್ನೂ ಗಂಟಿ."

ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು, ಕೆಲಸ ಮಾತ್ರ ಕೊಡಲಿಲ್ಲ. ಮಚ್ಚೇಂದ್ರ ತನ್ನ ಮಾತನ್ನು ತಾನೇ ನಂಬಿ ಧೈರ್ಯದಿಂದ ಮನೆಗೆ ಬಂದ. ಆ ಧೈರ್ಯ ಬಚ್ಚಲವರೆಗೂ ಬಾಳಲಿಲ್ಲ. ಅಂಬುಬಾಯಿ ಅಲ್ಲಿ ಹೊಸದೊಂದು ಬಟ್ಟೆ ತೊಳೆಯುವ ಪುಡಿಯ ಪೊಟ್ಟಣ ಇಟ್ಟಿದ್ದಳು.

"ಇದ್ಯಾರು ಹೇಳಿದ್ರು ನಿನಗ?"

"ಟೀವಿಯಾಗ ತೋರಸ್ತಾರ."

"ಅದು ಬಂದಾಗ ನೀ ಕಿಟಕಿ ಬಿಟ್ಟು ಹೋಗ್ತೀನಿ ಅಂದಿದ್ದಿ?"

"ಹೋಗ್ತೀನಿ. ಅಲ್ಲಿಗೂ ಕೇಳಸ್ತದ."

ಇದು ಅವನನ್ನು ಇನ್ನಷ್ಟು ಹೆದರಿಸಿತು. ಅವನು ಮೂವತ್ತು ವರ್ಷ ಮಂದಿಯನ್ನು ನಿಲ್ಲಿಸಿ, ನಗಿಸಿ, ಕಣ್ಣಲ್ಲಿ ಕಣ್ಣಿಟ್ಟು ಮಾರಿದವ. ಈ ಪೆಟ್ಟಿಗೆಗೆ ಯಾರೂ ನಿಲ್ಲಬೇಕಿಲ್ಲ, ನೋಡಬೇಕಿಲ್ಲ. ಬೆನ್ನು ತಿರುಗಿಸಿ ಹೊರಟವರ ಕಿವಿಯಲ್ಲೂ ಸದ್ದಿಲ್ಲದೆ ಮೊಟ್ಟೆ ಇಟ್ಟು ಹೋಗುತ್ತದೆ. ನನ್ನ ದನಿ ಇನ್ನು ಯಾರಿಗೂ ಕೇಳಿಸದಿದ್ದರೆ? ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು, ದನಿ ಇದೆಯೋ ಇಲ್ಲವೋ ಎಂದು ಮೆಲ್ಲಗೆ ಕೆಮ್ಮಿ ನೋಡಿಕೊಳ್ಳುತ್ತಿದ್ದ. "ಕೆಮ್ಮಿಗಿ ಟೀವಿಯಾಗ ಒಂದು ಔಷಧ ತೋರಸ್ತಾರ" ಎಂದು ಅಂಬುಬಾಯಿ ನಿದ್ದೆಗಣ್ಣಲ್ಲೇ ಹೇಳುತ್ತಿದ್ದಳು.

ಇದೆಲ್ಲ ಹೀಗಿರುವಾಗ ಎಂಬತ್ತಾರರ ಮುಂಗಾರು ಬಂತು.

ಗಂಜಿನಲ್ಲಿ ಹಳೆಯ ಪದ್ಧತಿಯೊಂದಿತ್ತು: ನೆಲಕ್ಕೆ ಬಿದ್ದ ಕಾಳು ಹೆಂಗಸರ ಪಾಲು. ಚೀಲ ಇಳಿಸುವಾಗ, ಅಳೆಯುವಾಗ ಚೆಲ್ಲಿದ್ದನ್ನು ಕಾಳು ಹಸನು ಮಾಡುವ ಹೆಂಗಸರು ಬಳಿದು, ಕೇರಿ, ತಮ್ಮಲ್ಲಿ ಹಂಚಿಕೊಂಡು ಉಡಿಯಲ್ಲಿ ಒಯ್ಯುತ್ತಿದ್ದರು. ಸಾಹುಕಾರರೂ ಅದನ್ನು ಕೇಳುವಂತಿರಲಿಲ್ಲ. ಆ ಹೆಂಗಸರಲ್ಲಿ ಹಿರಿಯಳು ಸರ್ದಾರಬಿ, ಮಚ್ಚೇಂದ್ರನ ಪಕ್ಕದ ಮನೆಯವಳು. ಅಂಬುಬಾಯಿಯೂ ಅವಳ ಗುಂಪಿನವಳೇ.

ಒಂದು ಶನಿವಾರ ಮಧ್ಯಾಹ್ನ ಲಾರಿಯಿಂದ ಚೀಲ ಇಳಿಸುವಾಗ ಮಹಾರುದ್ರಪ್ಪನವರ ಅಂಗಡಿಯ ಮುಂದೆ ಒಂದು ಚೀಲ ಹರಿದು ಜೋಳ ಚೆಲ್ಲಿತು. ಸಾಹುಕಾರರು ಊಟಕ್ಕೆ ಹೋಗಿದ್ದರು. ಹಮಾಲರು ಹರಿದದ್ದನ್ನು ಹೊಲಿದು, ಚೀಲವನ್ನು ಗೋಡೆಗೆ ಆನಿಸಿ ಹೋದರು. ಸಣ್ಣ ಮಳೆಯೊಂದು ಬಂದು ಹೋಯಿತು. ಹೆಂಗಸರು ಬಳಿಯಲು ಕೂತಾಗ ಕಾಳಿಗೆ ಕೆಂಪು ಬಣ್ಣ ಹತ್ತಿತ್ತು. ಅದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಬೀದರ ಕಡೆಯ ಕಣದಿಂದ ಬಂದ ಜೋಳಕ್ಕೆ ಕೆಮ್ಮಣ್ಣು ಹತ್ತಿರುವುದು ಹೊಸದೇನಲ್ಲ. ಅದನ್ನು ಯಾವಾಗಲೂ ತೊಳೆದು, ಒಣಗಿಸಿ, ಬೀಸಿಸುತ್ತಿದ್ದರು. ಈ ಸಲವೂ ತೊಳೆದರು. ಕೆಂಪು ಹೋಯಿತು. ಭಾನುವಾರ ಬಿಸಿಲಿಗೆ ಹಾಕಿದರು, ಮಧ್ಯಾಹ್ನ ಗಿರಣಿಗೆ ಒಯ್ದರು.

ಅದು ಉಣ್ಣುವ ಜೋಳವಾಗಿರಲಿಲ್ಲ. ಹುಳ ಹತ್ತದಂತೆ ವಿಷದ ಪುಡಿ ಹಚ್ಚಿ, ಗುರುತಿಗೆ ಕೆಂಪು ಬಳಿದ ಬಿತ್ತನೆಯ ಬೀಜ.

ಭಾನುವಾರ ಸಂಜೆ ರೈತನೊಬ್ಬ ಬೀಜ ಒಯ್ಯಲು ಬಂದಾಗ ಸಾಹುಕಾರರು ಅಂಗಡಿ ತೆರೆದರು. ಚೀಲ ಅರ್ಧವಾಗಿತ್ತು. ಮುಂದಿನ ಗಟಾರದ ಹತ್ತಿರ ಗುಬ್ಬಿಗಳು ಬಿದ್ದಿದ್ದವು, ಯಾರೋ ಮುಷ್ಟಿಯಲ್ಲಿ ಹಿಡಿದು ಎಸೆದ ಹಾಗೆ. ಅವುಗಳ ನಡುವೆ ಎರಡು ಪಾರಿವಾಳ. ಒಂದರ ರೆಕ್ಕೆ ಇನ್ನೂ ನಡುಗುತ್ತಿತ್ತು.

ಮಹಾರುದ್ರಪ್ಪ ಚಪ್ಪಲಿಯಿಲ್ಲದೆ ಮಚ್ಚೇಂದ್ರನ ಬಾಗಿಲಿಗೆ ಬಂದರು. ಆ ಬಾಗಿಲಿಗೆ ಅವರು ಬಂದದ್ದು ಅದೇ ಮೊದಲು.

"ಮಚ್ಚ್ಯಾ, ನಿನ್ನ ಹೇಣ್ತಿ ಎಲ್ಲಿ? ನಿನ್ನೆ ಬಳದ ಜೋಳ ಎಲ್ಲಿ?"

"ನಿಮ್ಮ ಮನಿಯಾಗೇ ಟೀವಿ ನೋಡಾಕತ್ತಾಳ್ರಿ. ಜೋಳ ಬೀಸಿಕೊಂಡು ಬಂದಾಳ. ಯಾಕ್ರಿ?"

ಸಾಹುಕಾರರು ಹೇಳಿದರು. ಮಚ್ಚೇಂದ್ರ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ. ಹಿಟ್ಟು ಬೆಳ್ಳಗೆ, ನುಣ್ಣಗೆ, ಇನ್ನೂ ಬೆಚ್ಚಗಿತ್ತು. ಎಲ್ಲ ಜೋಳದ ಹಿಟ್ಟಿನ ಹಾಗೆಯೇ ಇತ್ತು. ಅದಕ್ಕೇ ಅವನಿಗೆ ಭಯವಾಯಿತು.

"ಯಾರ್ಯಾರು ಒಯ್ದಾರ ನನಗೇನ್ ಗೊತ್ತು?" ಸಾಹುಕಾರರು ಹಣೆ ಒರೆಸಿಕೊಂಡರು. "ಅವರು ಮತ್ತ ಯಾರಿಗಿ ಕೊಟ್ಟಾರೋ. ಟೀವಿಯಾಗಿನ ಪಿಚ್ಚರ್ ಮುಗಿದ ಕೂಡ್ಲೇ ಎಲ್ಲಾ ಹೆಂಗಸ್ರೂ ಒಲಿ ಹಚ್ಚತಾರ. ಊರಿಗೆಲ್ಲಾ ಸಾರೋ, ಮಾರಾಯಾ. ನಾ ಡೀಜಲ್ ಹಾಕ್ಸಿ ಜೀಪ್ ತರ್ತೀನಿ."

ಟಾಂಗಾದವನೂ ಸಿನಿಮಾ ನೋಡುತ್ತ ಕೂತಿದ್ದ. ಮಚ್ಚೇಂದ್ರ ಭೋಂಗಾ ಹಿಡಿದು ಕಾಲ್ನಡಿಗೆಯಲ್ಲೇ ಓಡಿದ. ಓಣಿ ಖಾಲಿ. ಕಿಟಕಿಗಳಿಂದ ಹಾಡು ಹರಿಯುತ್ತಿತ್ತು. ಅವನು ಬಾಯಿ ತೆರೆದ, ಮೂವತ್ತು ವರ್ಷದ ಅಭ್ಯಾಸವೇ ಮೊದಲು ಹೊರಬಿತ್ತು:

"ಕೇಳ್ರಪ್ಪೋ ಕೇಳ್ರಿ! ಕಿವಿ ಇದ್ದವರು ಕೇಳ್ರಿ, ಇಲ್ಲದವರು ಕಡಾ ತಂದು ಕೇಳ್ರಿ! ಗಂಜಿನಾಗ ಬಳದ ಜೋಳದಾಗ ಇಷಾ ಅದ, ಯಾರೂ ರೊಟ್ಟಿ ಮಾಡಬ್ಯಾಡ್ರಿ!"

ಯಾವ ಬಾಗಿಲೂ ಅಲುಗಲಿಲ್ಲ. ಹಾಡು ಮುಗಿಯಿತು. ಆಗ ಪೆಟ್ಟಿಗೆಯೊಳಗಿನ ದನಿ ಬದಲಾಯಿತು, ಯಾವುದೋ ಎಣ್ಣೆಯ ಕುಣಿಯುವ ರಾಗ ಕೇಳಿಸಿತು. ಜಾಹೀರಾತು! ಮಚ್ಚೇಂದ್ರನ ಜೀವ ಮರಳಿತು. ಬಾಗಿಲುಗಳು ತೆರೆದವು, ಅವನು ಹೇಳಿದ್ದಂತೆಯೇ ಮಂದಿ ಹೊರಗೆ ಬಂದರು, ಒಬ್ಬ ಬೀಡಿಗೆ, ಒಬ್ಬ ಗೋಡೆಯ ಮೂಲೆಗೆ. ಅವನು ಓಣಿಯ ನಡುವೆ ನಿಂತು ಮತ್ತೆ ಕೂಗಿದ.

"ಏನ್ ಮಚ್ಚೇಂದ್ರಣ್ಣಾ!" ಬೀಡಿ ಹಚ್ಚುತ್ತಿದ್ದವ ನಕ್ಕ. "ಒಳಗೂ ಜಾಹೀರಾತು, ಹೊರಗೂ ಜಾಹೀರಾತು. ನಡಬರಕ ನಮಗ ಒಂದಕ್ಕ ಹೋಗಾಕರೆ ಬಿಡು!"

"ಖರೇ ಅದನೋ! ಜೋಳದಾಗ ಇಷಾ ಅದ!"

"ಹೌದ್ಹೌದು. ಯಾವ ಅಡತಿಯಾವ ಹೇಳಕೊಟ್ಟಾನ? ಮಹಾರುದ್ರಪ್ಪ ನಿನ್ನ ಕೆಲಸಾ ಬಿಡಿಸ್ಯಾನಂತ ಅವನ ಜೋಳಕ್ಕ ಇಷಾ ಹತ್ತೇನು?"

ಎಲ್ಲರೂ ನಕ್ಕರು. ಒಬ್ಬ ಮುದುಕ ಅವನ ಧಾಟಿಯನ್ನೇ ಅಣಕಿಸಿ "ಇಷಾ ಇದ್ದವರು ತಿನ್ರಿ, ಇಲ್ಲದವರು ಕಡಾ ತಂದು ತಿನ್ರಿ!" ಎಂದ. ಒಳಗೆ ಎಣ್ಣೆಯ ರಾಗ ನಿಂತಿತು. ಬೀಡಿ ಆರಿದವು, ಬಾಗಿಲು ಮುಚ್ಚಿದವು.

ಮುಚ್ಚಿದ ಬಾಗಿಲುಗಳ ನಡುವೆ ಮಚ್ಚೇಂದ್ರ ಒಬ್ಬನೇ ಉಳಿದ. ಆತ ಇಷ್ಟು ದಿನ ಹೆದರಿದ್ದು ತನ್ನ ದನಿ ಯಾರಿಗೂ ಕೇಳಿಸದೇ ಹೋದೀತೆಂದು. ಈಗ ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು. ಬಿಡುವಿನಲ್ಲಿ ಬಂದದ್ದನ್ನೆಲ್ಲ ಜಾಹೀರಾತೆಂದು ದಾಟಿಸುವುದನ್ನು ಊರ ಕಿವಿ ಕಲಿತಿತ್ತು. ಹಾಗೆ ಕಲಿಸಿದವರಲ್ಲಿ ಟೀವಿ ತೀರಾ ಇತ್ತೀಚಿನ ಮಾಸ್ತರ. ಹಳೆಯ ಮಾಸ್ತರ ಭೋಂಗಾ ಹಿಡಿದು ಓಣಿಯಲ್ಲೇ ನಿಂತಿದ್ದ.

ಅವನು ಮಹಾರುದ್ರಪ್ಪನವರ ಮನೆಯತ್ತ ಓಡಿದ. ಅಂಗಳದ ಕಿಟಕಿಗೆ ಅಂಬುಬಾಯಿ ಆತುಕೊಂಡು ನಿಂತಿದ್ದಳು. "ಒಲಿ ಹಚ್ಚಬ್ಯಾಡ, ಹಿಟ್ಟು ಮುಟ್ಟಬ್ಯಾಡ" ಎಂದು ಅವಳ ಕಿವಿಯಲ್ಲಿ ಅಂದವನೇ ಹೊಸ್ತಿಲ ಮುಂದೆ ನಿಂತ. ಆ ಹೊಸ್ತಿಲನ್ನು ಅವನು ಯಾವತ್ತೂ ದಾಟಿರಲಿಲ್ಲ, ಅವನಪ್ಪನೂ ದಾಟಿರಲಿಲ್ಲ. ಕಾಲು ಒಂದು ಗಳಿಗೆ ಮೇಲೇಳಲಿಲ್ಲ. ಆಮೇಲೆ ಎದ್ದಿತು. ಜಮಖಾನದ ಮೇಲೆ ಕೂತವರ ಮಂಡಿ, ಸೆರಗು, ಕೈ ತುಳಿಯುತ್ತ ಹೋಗಿ ಟೀವಿಯ ಗುಂಡಿ ತಿರುವಿದ. ಚಿತ್ರ ಒಂದು ಚುಕ್ಕೆಯಾಗಿ ಒಳಗೆ ಕುಗ್ಗಿಹೋಯಿತು.

"ಯಾವನಲೇ ಅವ!"

"ಕುಡದಾನೇನು?"

"ಏ, ಹೊರಗ ಹಾಕ್ರಿ ಇವನ್ನ! ಒಳಗ ಹ್ಯಾಂಗ ಬಂದಾ?"

ಯಾರೋ ಅವನ ಅಂಗಿ ಹಿಡಿದು ಎಳೆದರು. ಗುಂಡಿಯೊಂದು ಹರಿದು ಹಾರಿತು. ಮಚ್ಚೇಂದ್ರ ಭೋಂಗಾ ಕೆಳಗಿಟ್ಟ. ಗುಂಪಿನಲ್ಲಿ ಕೂತಿದ್ದ ಒಬ್ಬಳನ್ನೇ ನೋಡಿ, ಪಕ್ಕದ ಮನೆಯವ ಗೋಡೆಯಾಚೆಯಿಂದ ಮಾತಾಡಿಸುವ ಹಾಗೆ ಕೇಳಿದ:

"ಸರ್ದಾರಬಿ ಅಕ್ಕಾ, ನಿನ್ನೆ ಬಳದ ಜೋಳ ಯಾರ್ಯಾರಿಗಿ ಹಂಚೀದಿ?"

"ಯಾಕ್ ಭಾಯಿ? ಕೆಮ್ಮಣ್ಣಿನ ಜೋಳ, ತೊಳದು ಕೊಟ್ಟೀನಲ್ಲ."

"ಕೆಮ್ಮಣ್ಣಲ್ಲಕ್ಕಾ. ಬಿತ್ತೂ ಬೀಜದ ಇಷಾ. ಗಂಜಿನಾಗ ಗುಬ್ಬಿ ಸತ್ತು ಬಿದ್ದಾವ, ಸಾವ್ಕಾರ್ರು ಜೀಪ್ ತರಾಕ ಹೋಗ್ಯಾರ."

ಅಂಗಿ ಹಿಡಿದಿದ್ದ ಕೈ ಬಿಟ್ಟಿತು. ಸರ್ದಾರಬಿ ಬಾಯಿಗೆ ಸೆರಗು ಒತ್ತಿಕೊಂಡಳು. "ಯಾ ಅಲ್ಲಾ, ನನ್ನ ಕೈಯ್ಯಾರೆ ಹಂಚೀನಿ" ಎಂದಳು. ಆದರೆ ಕೂತು ಅಳುವ ಜಾತಿಯವಳಲ್ಲ. ಎದ್ದವಳೇ ಹೆಸರು ಹೇಳತೊಡಗಿದಳು, ಮುನ್ನಿ ಬೀ, ಸಂಗಮ್ಮ, ಸುಗ್ರಾ, ಮುಕ್ತಾಬಾಯಿ... ಒಂದೊಂದು ಹೆಸರಿಗೆ ಒಬ್ಬೊಬ್ಬರು ಎದ್ದು ಓಡಿದರು. ಸ್ವಲ್ಪ ಹೊತ್ತಿನ ಮುಂಚೆ ಅಣಕಿಸಿದ ಮುದುಕ ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದ, ಅವನೇ ಎಲ್ಲರಿಗಿಂತ ಮುಂದೆ ಓಡಿದ. ಸಂಗಮ್ಮ ಅವನ ಸೊಸೆ.

ಕೊನೆಗೆ ಸರ್ದಾರಬಿ ತಡೆದಳು. "ಇನ್ನೊಬ್ಬಾಕಿ ಅದಾಳ ಭಾಯಿ. ಕಸಬರಿಗಿ ಮಾರಾಕ ಬಂದಾಕಿ, ಸುಂದರಬಾಯಿ. ಆಕೀ ಕಸಬರಿಗೀಲೇ ಬಳದ್ವಿ, ಅದಕ್ಕ ಆಕೀಗೂ ಒಂದು ಪಾಲು ಕೊಟ್ಟೆ. ತೊಳದು, ಒಣಗಿಸಿ, ಬೀಸಿಕೊಂಡು ಇವತ್ತ ಮಧ್ಯಾಹ್ನದ ಬಸ್ಸಿಗಿ ಹೋದಳು."

"ಎಲ್ಲಿಗಿ?"

"ಕಲ್ಯಾಣಕ್ಕ. ಓಣಿ ಯಾವದೋ ಗೊತ್ತಿಲ್ಲ. ಮೊಮ್ಮಗಳಿಗಿ ಬಿಸಿ ರೊಟ್ಟಿ ಮಾಡಿ ಹಾಕ್ತೀನಿ ಅಂತಿದ್ದಳು."

ಜೀಪು ಕಲ್ಯಾಣದ ದಾರಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು. ಸಾಹುಕಾರರೇ ಓಡಿಸುತ್ತಿದ್ದರು. ಹೆದ್ದಾರಿಯಲ್ಲಿ ಪುಣೆಯ ಲಾರಿಗಳು ಎದುರಾದಾಗೆಲ್ಲ ಜೀಪನ್ನು ರಸ್ತೆಯಂಚಿಗೆ ಇಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಅಂದರು:

"ಮಚ್ಚೇಂದ್ರಾ, ಕಲ್ಯಾಣದಾಗ ನನ್ನ ಹೆಸರು ಹೇಳಬ್ಯಾಡಪ್ಪಾ."

ಅವರ ಬಾಯಲ್ಲಿ ತನ್ನ ಹೆಸರು ಪೂರ್ತಿ ಬಂದದ್ದನ್ನು ಮಚ್ಚೇಂದ್ರ ಆಗ ಗಮನಿಸಲೂ ಇಲ್ಲ. "ಹೆಸರು ಹೇಳಲಿಲ್ಲಂದ್ರ ಯಾವ ಜೋಳ ಅಂತ ಆಕೀಗಿ ಹ್ಯಾಂಗ ತಿಳೀಬೇಕ್ರಿ?"

ಸಾಹುಕಾರರು ಗೇರು ಬದಲಿಸಿದರು. ಊರ ದೀಪಗಳು ಕಂಡ ಮೇಲೆ, "ಹೇಳು" ಎಂದರು.

ಬಸ್ ನಿಲ್ದಾಣದಲ್ಲಿ ಕೇಳಿದರು. ಕಸಬರಿಗೆ ಮಾರುವವರು ಕೋಟೆಯ ಕಡೆ ಇರುತ್ತಾರೆ ಎಂದು ಒಬ್ಬ ಕೈ ತೋರಿದ. ಅಲ್ಲಿಯೂ ಇಕ್ಕಟ್ಟಾದ ಓಣಿಗಳು, ಅಲ್ಲಿಯೂ ಕಿಟಕಿಗಳಿಂದ ಅದೇ ಸಿನಿಮಾದ ಮಾತು. ಜೀಪು ಮುಂದೆ ಹೋಗದ ಕಡೆ ಮಚ್ಚೇಂದ್ರ ಇಳಿದು ನಿಂತ. ಬಾಯಿ ತೆರೆದ. "ಕೇಳ್ರ..." ಎಂಬುದು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿದ. ಮಾತು ಶುರು ಮಾಡುವ ಇನ್ನೊಂದು ದಾರಿಯೇ ಅವನಿಗೆ ಗೊತ್ತಿರಲಿಲ್ಲ. ಯಾವುದೋ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ಪಟ್ ಪಟ್ ಪಟ್. ಯಾವ ಮನೆ, ತಿಳಿಯಲಿಲ್ಲ.

"ಸುಂದರಬಾಯೀ!"

ಅದು ಅವನ ದನಿಯಲ್ಲ. ಬಾವಿಗೆ ಬಿದ್ದವರನ್ನು ಕರೆಯುವಾಗ ಬರುವ ದನಿ.

"ಕಸಬರಿಗೀ ಸುಂದರಬಾಯೀ! ಒಲಿ ಆರಸವ್ವಾ! ಹುಮನಾಬಾದ ಗಂಜಿನಾಗ, ಮಹಾರುದ್ರಪ್ಪನ ಅಂಗಡಿ ಮುಂದ ಬಳದ ಜೋಳದಾಗ ಇಷಾ ಅದ! ಸುಂದರಬಾಯೀ, ರೊಟ್ಟಿ ಕೂಸಿಗಿ ಕೊಡಬ್ಯಾಡಾ!"

ಸಿನಿಮಾ ನಡೆಯುತ್ತಲೇ ಇತ್ತು, ಜಾಹೀರಾತು ಇನ್ನೂ ಬಂದಿರಲಿಲ್ಲ. ಆದರೆ ಒಂದು ಬಾಗಿಲು ತೆರೆಯಿತು, ಮತ್ತೊಂದು, ಮಗುದೊಂದು. "ಯಾರ್ರೀ? ಏನಾತ್ರಿ?" ಎನ್ನುತ್ತ ಮಂದಿ ಹೊರಬಂದರು. ಯಾರೂ ನಗಲಿಲ್ಲ. "ಸುಂದ್ರಕ್ಕನ ಮನಿ ಹಿಂದಿನ ಓಣಿಯಾಗ, ಬರ್ರಿ ಬರ್ರಿ" ಎಂದು ಒಬ್ಬ ಲುಂಗಿ ಎತ್ತಿ ಕಟ್ಟಿ ಮುಂದೆ ಓಡಿದ. ಪಟ್ ಪಟ್ ಸದ್ದು ಅಷ್ಟರಲ್ಲಿ ನಿಂತಿತ್ತು.

ಸುಂದರಬಾಯಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು.

"ಯಾರು ಉಂಡಾರ?" ಮಚ್ಚೇಂದ್ರ ಕೇಳಿದ.

"ಯಾರೂ ಇಲ್ಲ... ಇದ ಈಗ ಒಲಿ ಹಚ್ಚೀನಿ... ಕೂಸು ಒಂದ ರೊಟ್ಟಿ ತಗೊಂಡು ಬಾಜೂ ಮನಿಗಿ ಟೀವಿ ನೋಡಾಕ..." ಅವಳು ಮಾತು ಮುಗಿಸದೆ ಬಾಜೂ ಮನೆಗೆ ನುಗ್ಗಿದಳು.

ಹುಡುಗಿ ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ತೊಡೆಯ ಮೇಲೆ ರೊಟ್ಟಿ. ಒಂದು ಮೂಲೆ ಇರಲಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು, ಸೂಜಿ ಚುಚ್ಚಿದರು, "ಮುಂಜಾನಿ ತನಕ ಏನೂ ಹೇಳಾಕಾಗಲ್ಲ" ಎಂದರು. ಮಚ್ಚೇಂದ್ರ, ಸಾಹುಕಾರರು, ಸುಂದರಬಾಯಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಸುಂದರಬಾಯಿ ಕೈ ತೊಳೆದಿರಲಿಲ್ಲ, ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಆ ಕೈ ನೋಡದಿರಲು ಸಾಹುಕಾರರು ಗೋಡೆ ನೋಡುತ್ತಿದ್ದರು. ಒಳಗೆ ಹುಡುಗಿ ಕೆಮ್ಮಿದಾಗೆಲ್ಲ ಮೂವರೂ ಎದ್ದು ನಿಂತರು. ಕೆಮ್ಮು ನಿಂತಾಗ ಅದಕ್ಕಿಂತ ಹೆಚ್ಚು ಹೆದರಿದರು.

ಬೆಳಕು ಹರಿದ ಮೇಲೆ ಹುಡುಗಿ ಕಣ್ಣು ತೆರೆದು ಅತ್ತಿತು.

"ಏನ್ ಬೇಕವ್ವಾ ನಿನಗ? ಏನ್ ಬೇಕು ಹೇಳು!" ಅಜ್ಜಿ ಬಾಗಿದಳು.

"ಬಿಸ್ಕೀಟು" ಎಂದಿತು ಹುಡುಗಿ. "ಟೀವಿಯಾಗ ತೋರಸ್ತಾರಲ್ಲ, ಅದು."

ಡಾಕ್ಟರು ನಕ್ಕು ತಲೆ ಆಡಿಸಿದರು. ಜಾಹೀರಾತು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಬಗ್ಗೆ ಮಚ್ಚೇಂದ್ರ ಸಾಹುಕಾರರ ಜೊತೆ ಮಾಡಿದ್ದ ವಾದ ಅಲ್ಲಿಗೆ ಮುಗಿಯಿತು. ಸೋತ ಮಚ್ಚೇಂದ್ರನೇ ಬರಿಗಾಲಲ್ಲಿ ಓಡಿ, ಮೊದಲು ಬಾಗಿಲು ತೆರೆದ ಅಂಗಡಿಯ ಮುಂದೆ ಉಸಿರು ಬಿಡುತ್ತ ನಿಂತು, "ಆ ಟೀವಿ ಬಿಸ್ಕೀಟು ಕೊಡ್ರಿ" ಎಂದು ಕೇಳಿದ. ಅಂಗಡಿಯವ ಯಾವುದೆಂದು ಕೇಳಲಿಲ್ಲ, ಕೈ ಚಾಚಿ ಕೊಟ್ಟ.

ಹುಮನಾಬಾದಿನಲ್ಲಿ ಸರ್ದಾರಬಿ ಹೆಸರು ಹೇಳಿದ ಮನೆಗಳ ಹಿಟ್ಟೆಲ್ಲ ಗುಂಡಿ ತೋಡಿ ಹೂಳಿದರು. ಯಾರ ಮನೆಯಲ್ಲೂ ಸಾವಾಗಲಿಲ್ಲ. ಮಹಾರುದ್ರಪ್ಪನವರು ಆ ವರ್ಷದಿಂದ ಬೀಜದ ವ್ಯಾಪಾರ ಬಿಟ್ಟರು. ಮಚ್ಚೇಂದ್ರನ ಭೋಂಗಾಕ್ಕೆ ಹೊಸ ಬ್ಯಾಟರಿ ಕೊಡಿಸಿ, ದೀಪಾವಳಿಗೆ ತಮ್ಮ ಬೇಳೆಕಾಳಿನ ಅಂಗಡಿಯ ಸುದ್ದಿ ಸಾರಲು ಹೇಳಿದರು.

ಅವನು ಟಾಂಗಾ ಏರಿ ಓಣಿಗೆ ಬಂದ. "ಕೇಳ್ರಪ್ಪೋ" ಎಂದು ಶುರು ಮಾಡಿದನೋ ಇಲ್ಲವೋ, ಬಾಗಿಲುಗಳು ಧಡಾರನೆ ತೆರೆದವು. ಟೀವಿಯಲ್ಲಿ ಏನೋ ನಡೆಯುತ್ತಿತ್ತು. ಯಾರೂ ಅದರತ್ತ ತಿರುಗಲಿಲ್ಲ. ಹೆಂಗಸರು ಮಕ್ಕಳನ್ನು ಬಗಲಿಗೆಳೆದುಕೊಂಡು, ಬಿಳಿಚಿದ ಮುಖ ಹೊತ್ತು ಬಾಗಿಲಲ್ಲಿ ನಿಂತಿದ್ದರು.

"ಮಹಾರುದ್ರಪ್ಪನವರ ಅಂಗಡಿಯಾಗ ಹೊಸಾ ತೊಗರಿ ಬ್ಯಾಳಿ..."

"ಬ್ಯಾಳಿಯಾಗೂ ಬಂತೇನಪ್ಪೋ!" ಎಂದು ಸಂಗಮ್ಮ ಚೀರಿದಳು. ಮುಂದಿನದನ್ನು ಯಾರೂ ಕೇಳಲಿಲ್ಲ. ಆ ದೀಪಾವಳಿಗೆ ಹುಮನಾಬಾದಿನ ಆ ಭಾಗದಲ್ಲಿ ಹೋಳಿಗೆ ಮಾಡಿದವರು ಕಡಿಮೆ.

ಆಮೇಲೆ ಸಾಬೂನಿನವರು ಒಮ್ಮೆ ಕರೆದು ನೋಡಿದರು. ಮಂದಿ ಮೈ ತುರಿಸಿಕೊಂಡು ದವಾಖಾನೆಗೆ ಹೋದರು. ಡೇರೆ ಸಿನಿಮಾದವರು ಕರೆಯುವ ಧೈರ್ಯ ಮಾಡಲಿಲ್ಲ. ಇಡೀ ತಾಲೂಕಿನಲ್ಲಿ ಟೀವಿಗಿಂತ ಹೆಚ್ಚು ಕಿವಿ ಇದ್ದದ್ದು ಮಚ್ಚೇಂದ್ರನಿಗೆ, ಒಂದು ಬೆಂಕಿಪೊಟ್ಟಣ ಮಾರಲೂ ಬಾರದವನೂ ಅವನೇ. ಪುರಸಭೆಯವರು ಹುಚ್ಚುನಾಯಿ, ಕೆಟ್ಟ ನೀರು, ಕಾಲರಾ ಬಂದಾಗ ಮಾತ್ರ ಹೇಳಿ ಕಳಿಸುತ್ತಿದ್ದರು. ಅಂಥ ದಿನ ಅವನು ಒಂದು ಸಲ ಕೂಗಿದರೆ ಸಾಕಿತ್ತು.

ಉಳಿದ ದಿನ ಅವನು ಮನೆಯಲ್ಲೇ ಪಿಸುಮಾತಿನಲ್ಲಿ ಇರುತ್ತಿದ್ದ. ಒಂದು ಸಂಜೆ ಮೈಮರೆತು, ಹಿತ್ತಿಲಲ್ಲಿದ್ದ ಹೆಂಡತಿಗೆ ಕೇಳಲೆಂದು ದನಿ ಎತ್ತಿದ:

"ಅಂಬೂ! ಚಹಾ ಇಡ!"

ಪಕ್ಕದ ಮನೆಯಲ್ಲಿ ಉರಿಯುವ ಒಲೆಗೆ ನೀರು ಸುರಿದ ಸದ್ದು ಚುಂಯ್ಯೆಂದು ಬಂತು. ಗೋಡೆಯ ಮೇಲೆ ಸರ್ದಾರಬಿಯ ತಲೆ ಕಾಣಿಸಿಕೊಂಡಿತು.

"ಚಹಾದಾಗ ಏನ್ ಬಿದ್ದದ, ಭಾಯಿ?"